ಕಕ್ಕೆದೊಡ್ಡಿಯ ವಿವರ ಪಟ್ಟಿ

ಈರೋಡಿನಿಂದ ಬಂದ ಹುಡುಗ, ಹೆಸರು ಕದಿರವೇಲ್,
ದಿಂಬಂ ಘಾಟಿಯ ಇಪ್ಪತ್ತೇಳು ತಿರುವಿಗೂ ಹೊಟ್ಟೆ ತೊಳಸಿ
ಮುಖ ಹಿಂಡಿದ ನಿಂಬೆಯಾಗಿ ಬಸ್ಸಿಳಿದ.
ಕೈಯಲ್ಲಿ ಒಂದು ನಮೂನೆ, ಹದಿನಾರು ಕಲಂ.
ನಾನು ಈ ಊರಿನ ತಲಾರಿ.
ಅವನ ಚೀಲ ಹೊತ್ತೆ, ಅವನ ತಮಿಳನ್ನು
ಮನೆಮನೆಯ ಹೊಸ್ತಿಲಲ್ಲಿ ಕನ್ನಡ ಮಾಡಿ ಇಳಿಸಿದೆ.

ಎಲ್ಲೆ ಕೇಳಿದ.
ಮೂಡಲಿಗೆ ಕಾಡು. ಪಡುವಲಿಗೆ ಕಾಡು.
ತೆಂಕಲಿಗೆ ಆನೆ ಬರದಂತೆ ತೋಡಿದ ಕಂದಕ,
ಅದನ್ನು ಆನೆಯೇ ಮಣ್ಣು ತಳ್ಳಿ ಮುಚ್ಚಿಕೊಂಡಿದೆ.
ಬಡಗಲಿಗೆ ಒಂದು ಕಲ್ಲು, ಕಲ್ಲಿನಾಚೆ ಕರ್ನಾಟಕ.
ಅದರ ಮೇಲೆ ಕೂತರೆ ಜೇಬಿನ ಫೋನು ಎರಡು ಸಲ ನಡುಗಿ
ಎರಡೂ ರಾಜ್ಯಗಳಿಗೆ ಸ್ವಾಗತ ಹೇಳುತ್ತದೆ.
ಜವನಮ್ಮ ಅಲ್ಲಿ ರವಿಕೆ ಒಣಹಾಕುತ್ತಾಳೆ.

ಮನೆ ಅರವತ್ತೊಂದು.
ಬೀಗ ಹಾಕಿದವು ಎಷ್ಟು ಅಂದ.
ಬೀಗ ಇಲ್ಲ ಸಾರ್, ಚಿಲಕ ಅದೆ.
ಕಾಡಂಚಿನ ಹದಿನೇಳು ಸೋಲಿಗರವು.
ಜಡೇಗೌಡನ ಗೋಡೆಗೆ ನಂಬರು ಬಳಿದು ಹೋದದ್ದು ಮೂರು ಸಲ,
ಮೂರು ಬಣ್ಣದಲ್ಲಿ. ಪಟ್ಟಾ ಇನ್ನೂ ಬಂದಿಲ್ಲ.
ಕಾಮನಬಿಲ್ಲು ಪೂರ್ತಿಯಾಗ್ಲಿ ಅಂತ ಕಾಯ್ತಾವ್ನೆ ಅವನು.

ರಾಗಿ, ಮುಸುಕಿನ ಜೋಳ, ಎಲೆಕೋಸು.
ಕೋಸು ಚಾಮರಾಜನಗರದ ಸಂತೆಗೆ ಹತ್ತುತ್ತದೆ,
ರೇಷನ್ ಅಕ್ಕಿ ಸತ್ಯಮಂಗಲದಿಂದ ಏರಿ ಬರುತ್ತದೆ.
ಬಾಯಿ ಬಡಗಲಿಗೆ, ಹೊಟ್ಟೆ ತೆಂಕಲಿಗೆ.

ಬಸ್ಸು ಎರಡು.
ಸಂಜೆಯದು, ಒಂಟಿಸಲಗ ದಾರಿ ಬಿಟ್ಟರೆ.

ಶಾಲೆ ಒಂದೇ ಕೋಣೆ, ನಡುವೆ ಬಿದಿರ ತಟ್ಟಿ.
ಈಚೆ ಅ ಆ, ಆಚೆ ಆನಾ ಆವನ್ನಾ.
ಒಂದು ಕಡೆ ಬೆತ್ತ ಎದ್ದರೆ ಎರಡೂ ಕಡೆ ಮೌನ.
ಏಳೆಂಟಲಿ ಎಷ್ಟೆಂದರೆ ಎರಡು ಭಾಷೆಯಲ್ಲೂ ಒಂದೇ ತಪ್ಪು.
ಕದಿರವೇಲ್ ಅಲ್ಲಿ ಮೊದಲ ಬಾರಿ ನಕ್ಕ, ನೀರು ಕೇಳಿ ಕುಡಿದ.

ಆಮೇಲೆ ಒಂಬತ್ತನೆಯ ಕಲಂ: ಹೆಸರು ಬಂದ ಬಗೆ.
ಕೆಂಪಸಿದ್ದಮ್ಮನನ್ನು ಕರೆಸಿದೆ.
'ಕಕ್ಕೆ ಮರ ಇತ್ತು ಕನಪ್ಪ, ಹಳದಿ ಹೂವ ಇಳೇಬಿಟ್ಕೊಂಡು.
ಅದರ ಬುಡದಲ್ಲಿ ದನದ ದೊಡ್ಡಿ.'
ಮರ ಎಲ್ಲಿ?
'ಆನೆ ಕೆಡವ್ತು.'
ದೊಡ್ಡಿ?
'ಕಾಡ್ಗೆ ದನ ಬುಡಬ್ಯಾಡಿ ಅಂದ್ರಲ್ಲ ನಿಮ್ಮೋರು,
ಅವತ್ತೇ ಕಿತ್ತಾಕುದ್ರು.'

ಇದನ್ನೂ ಕನ್ನಡದಿಂದ ತಮಿಳಿಗೆ ಇಳಿಸಿದೆ, 'ನಿಮ್ಮೋರು' ಬಿಟ್ಟು.
ಅವರ ಲಿಪಿಯಲ್ಲಿ ದಕ್ಕೂ ತಕ್ಕೂ ಒಂದೇ ಅಕ್ಷರ.
ಇಲ್ಲದ ಮರಕ್ಕೆ, ಇಲ್ಲದ ದೊಡ್ಡಿಗೆ
ಅರ್ಥ ಬರಲೆಂದು ಪಾಪ ಅವನು ಒಂದು ದೀರ್ಘ ಎಳೆದ:
ಕಾಕ್ಕೈತ್ತೊಟ್ಟಿ. ಕಾಗೆಯ ತೊಟ್ಟಿ.
ನನಗೆ ಓದಲು ಬರುತ್ತದೆ. ನೋಡಿದೆ. ಬಾಯಿ ತೆರೆದೆ.
ಅವನಿಗೆ ಇನ್ನೂ ನಾಲ್ಕು ಊರು ಬಾಕಿ ಇತ್ತು, ಮುಖ ಹಳದಿ.
ಮುಚ್ಚಿದೆ.

ಮೂರು ತಿಂಗಳಿಗೆ ಬಂತು ಬೋರ್ಡು, ಹಸಿರು ತಗಡು, ಬಿಳಿ ಅಕ್ಷರ.
ಹುಡುಗರು ಟಾರು ತಂದರು, ಪೊಲೀಸರ ಹೆಸರೆತ್ತಿ ತಡೆದೆ.
ಕೆಂಪಸಿದ್ದಮ್ಮ ಕೇಳಿದಳು, ಏನ್ ಬರೆದವ್ರಪ್ಪ ಅಂತ.
ಹೇಳಿದೆ. ತಪ್ಪು ನನ್ನದೆಂದು ಮಾತ್ರ ಹೇಳಲಿಲ್ಲ.
ಹಲ್ಲಿಲ್ಲದ ಬಾಯಿ ತುಂಬ ನಕ್ಕಳು.
ಮಾರನೆ ದಿನ ಮೊಮ್ಮಕ್ಕಳಿಂದ ನೂಕಿಸಿ
ದನಗಳು ಕುಡಿಯುತ್ತಿದ್ದ ಹಳೆಯ ಕಲ್ಲುಬಾನಿಯನ್ನು
ಬೋರ್ಡಿನ ಕೆಳಗೆ ಇಡಿಸಿ ನೀರು ಹುಯ್ಯಿಸಿದಳು.
'ಸರ್ಕಾರ ಸುಳ್ಳು ಹೇಳ್ತು ಅಂತ ಆಗಬಾರದಲ್ಲ.'

ಮೊದಲ ದಿನ ನಾಯಿ ಬಂತು. ಆಮೇಲೆ ಜೇನುಹುಳ.
ದಿನಾ ಬೆಳಗ್ಗೆ ಹೋಗಿ ನೋಡುತ್ತೇನೆ,
ಪಟ್ಟಿಯಲ್ಲಿ ಇಲ್ಲದ ಕೆಲಸ ಇದು.
ಬರಹ ಇರುವುದು ಬರುವವರ ಕಡೆಗೆ,
ನಮ್ಮ ಕಡೆಗೆ ಬರಿ ತಗಡಿನ ಬೆನ್ನು.
ಅದರ ಅಂಚಿನಲ್ಲಿ ಇವತ್ತು ಒಂದು ಕಾಗೆ ಕೂತಿತ್ತು,
ನೀರಿನ ಕಡೆ ಒಂದು ಕಣ್ಣು, ನನ್ನ ಕಡೆ ಒಂದು.